ಫೋಟೋದಲ್ಲಿ ಇಲ್ಲದ ಕಂಬಿ

ಆ ಬುಧವಾರ ನಮ್ಮವರು ಇಡೀ ದಿನ ನಮ್ಮ ಬೀದಿ ಸಮಿತಿಯ ಅಧ್ಯಕ್ಷರ ಮನೆಯಲ್ಲಿದ್ದರು. ಅಧ್ಯಕ್ಷರು ಮುಂದಿನ ಗೋಡೆಗೆ ಏಸಿ ಪೆಟ್ಟಿಗೆ ಹಾಕಿಸಿದ್ದರು. ಅದು ಬೀದಿಗೆ ಕಾಣಬಾರದು, ಮರದ ಜಾಲರಿಯಿಂದ ಮುಚ್ಚಬೇಕು. ನಮ್ಮವರು ಬಡಗಿ. ಸಂಜೆ ವಾಪಸು ಬಂದು ಗೋಡೆಗೆ ಅಂಗೈ ಊರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಬೀದಿಯಿಂದ ನಮ್ಮ ಬಾಗಿಲಿಗೆ ಏಳು ಕಲ್ಲು ಮೆಟ್ಟಿಲು. ಅವರ ಎಡ ಮಂಡಿ ಮಡಚುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಂಡು, ಜಾಲರಿ ಬಹಳ ಚೆನ್ನಾಗಿ ಕೂತಿತು ಕಣೇ ಅಂದರು. ಟೀ ಕುಡಿದರು. ಮರುದಿನದ ಸಭೆಗೆ ಕೊಡಬೇಕಾದ ಅರ್ಜಿಯನ್ನು ಮೂರು ಪ್ರತಿ ಬರೆದು ಅಂಗಿಯ ಜೇಬಿನಲ್ಲಿ ಇಟ್ಟರು. ಕಂಬಿಯ ಅರ್ಜಿ, ನಾಲ್ಕನೆಯದು. ಮಗಳ ಜೊತೆ ರಿಮೋಟಿಗೆ ಜಗಳ ಆಡಿ ಸೋತರು. ಆ ದಿನ ನಡೆದದ್ದು ಅಷ್ಟೇ.

ಕಂಬಿ ಅಂದರೆ ಕೈ ಹಿಡಿದು ಇಳಿಯುವುದಕ್ಕೆ ಮೆಟ್ಟಿಲ ಪಕ್ಕ ಇದ್ದ ಕಬ್ಬಿಣದ ಕಂಬಿ. ನಮ್ಮ ಮಾವನವರು ಮಾಡಿಸಿದ್ದು. ಅದಕ್ಕೆ ನಾಲ್ಕು ಕಾಲು. ಮೆಟ್ಟಿಲ ಕಲ್ಲಿನಲ್ಲಿ ನಾಲ್ಕು ಕುಳಿ. ಕಾಲು ಕುಳಿಯಲ್ಲಿ ಕೂರಿಸಿದರೆ ಆನೆ ಜಗ್ಗಿದರೂ ಅಲುಗುತ್ತಿರಲಿಲ್ಲ, ನೆಟ್ಟಗೆ ಮೇಲಕ್ಕೆ ಎತ್ತಿದರೆ ಮಾತ್ರ ಬರುತ್ತಿತ್ತು. ನಾನು ಮದುವೆಯಾಗಿ ಬಂದ ದಿನ ಅದನ್ನೇ ಹಿಡಿದು ಹತ್ತಿದ್ದೆ.

ಆರು ವರ್ಷದ ಹಿಂದೆ ನಮ್ಮ ಬೀದಿಯವರಿಗೆ ತಮ್ಮ ಬೀದಿ ಹಳೆಯದು ಅಂತ ಗೊತ್ತಾಯಿತು. ಅಲ್ಲಿಯವರೆಗೆ ಅದು ಸೋರುತ್ತದೆ ಅಂತ ಮಾತ್ರ ಗೊತ್ತಿತ್ತು. ಔಷಧಿ ಅಂಗಡಿಯವರು ಎಲ್ಲರನ್ನೂ ಕರೆದು ಕೂರಿಸಿದರು. ಮುಕ್ಕಾಲು ಪಾಲು ಮನೆಯವರು ಸಹಿ ಹಾಕಿದರೆ ನಗರಸಭೆ ನಕ್ಷೆಯ ಮೇಲೆ ಕೆಂಪು ಗೆರೆ ಎಳೆಯುತ್ತದೆ, ಗೆರೆಯ ಒಳಗಿನದು ಸಂರಕ್ಷಿತ ಬೀದಿ, ಅದನ್ನು ನೋಡಿಕೊಳ್ಳುವ ಸಮಿತಿ ನಮ್ಮದೇ ಅಂದರು. ಸಮಿತಿ ಅಂದ ಮೇಲೆ ಅಧ್ಯಕ್ಷರು ಬೇಕಲ್ಲ. ಅವರೇ ಆದರು. ಕೆಮ್ಮಿನ ಔಷಧಿ ಮಾರುತ್ತಿದ್ದ ಮನುಷ್ಯ ಮರುದಿನದಿಂದ ತಲೆ ಎತ್ತಿ ಕಿಟಕಿಗಳನ್ನು ನೋಡಿಕೊಂಡು ನಡೆಯತೊಡಗಿದರು.

ಮೊದಲ ಸಹಿ ನಮ್ಮವರದು. ಬೀದಿಯ ಅರ್ಧ ಬಾಗಿಲು ಅವರ ಅಪ್ಪ ಮಾಡಿದ್ದು, ಇನ್ನರ್ಧ ಇವರು ರಿಪೇರಿ ಮಾಡಿದ್ದು. ಬಾಗಿಲಿಗೆ ಬೆಲೆ ಬಂದರೆ ತನಗೂ ಬಂದ ಹಾಗೆ ಅಂದುಕೊಂಡರು. ನನ್ನ ಸಹಿ ಯಾರೂ ಕೇಳಲಿಲ್ಲ.

ಆಮೇಲೆ ನಿಯಮ ಬಂದವು. ಬಾಗಿಲಿಗೆ ಎರಡೇ ಬಣ್ಣ. ಬೀದಿ ಕಡೆ ಬಟ್ಟೆ ಒಣಹಾಕಬಾರದು. ಬೆಳಿಗ್ಗೆ ಎಂಟರೊಳಗೆ ಕಲ್ಲು ಮೆಟ್ಟಿಲು ತೊಳೆದಿರಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ ಫೋಟೋದ್ದು. ನಗರಸಭೆಯಿಂದ ಒಬ್ಬರು ಮೇಡಂ ಬಂದು ಪ್ರತಿ ಮನೆಯ ಫೋಟೋ ತೆಗೆಯುತ್ತಾರೆ, ಫೋಟೋದಲ್ಲಿ ಹೇಗಿದೆಯೋ ಮನೆ ಹಾಗೇ ಇರಬೇಕು, ಹೊಸದಾಗಿ ಒಂದು ಮೊಳೆ ಹೊಡೆಯುವುದಕ್ಕೂ ಸಮಿತಿ ಒಪ್ಪಬೇಕು.

ಫೋಟೋ ಶನಿವಾರ ಅಂತ ಹೇಳಿದ್ದರು. ಕಂಬಿ ತುಕ್ಕು ಹಿಡಿದಿತ್ತು. ಸರ್ಕಾರದ ಪುಸ್ತಕದಲ್ಲಿ ತುಕ್ಕು ಬರಬಾರದು ಅಂತ ನಮ್ಮವರು ಗುರುವಾರ ಕಂಬಿ ಕಿತ್ತು, ಉಜ್ಜಿ, ಬಣ್ಣ ಬಳಿದು ಹಿತ್ತಲಲ್ಲಿ ಒಣಗಲು ಇಟ್ಟರು. ಮೇಡಂ ಶುಕ್ರವಾರವೇ ಬಂದರು. ನಮ್ಮವರು ಓಡಿಹೋಗಿ, ಕಂಬಿ ಹಿಂದೆ ಇದೆ, ಒಂದು ಗಳಿಗೆ ತಾಳಿ ಅಂದರೆ, ಪರವಾಗಿಲ್ಲ ಬಿಡಿ ಅಂದರು. ಅವರಿಗೆ ಪರವಾಗಿರಲಿಲ್ಲ.

ಬಣ್ಣ ಒಣಗಿತು. ಕೂರಿಸಿ ಅಂದೆ. ಫೋಟೋ ನೋಡಿ ಸಮಿತಿಯವರು ಯಾವ ಮನೆಗೆ ಏನೇನಿದೆ ಅಂತ ಮಾಡಿದ ಪಟ್ಟಿಯನ್ನು ನಮ್ಮವರು ನೋಡಿ ಬಂದಿದ್ದರು. ನಮ್ಮ ಮನೆಯ ಹೆಸರಲ್ಲಿ ಏಳು ಮೆಟ್ಟಿಲು ಇತ್ತು, ಕಂಬಿ ಇರಲಿಲ್ಲ.

"ಅನುಮತಿ ತಗೊಂಡೇ ಹಾಕ್ತೀನಿ ಕಣೇ. ಮೊದಲ ಸಹಿ ನಂದು. ನಾನೇ ಮುರಿದರೆ ಹೇಗೆ?"

"ನಿಮ್ಮ ಮನೆ ಕಂಬಿ ನಿಮ್ಮ ಮನೆಗೆ ಹಾಕೋಕೆ ಅನುಮತಿ ಯಾಕ್ರೀ?" ಅಂದೆ.

ನಿನಗೆ ಅರ್ಥವಾಗುವುದಿಲ್ಲ ಅಂದರು. ನಾನು ನಾಲ್ಕನೇ ಕ್ಲಾಸು. ನನಗೆ ಅರ್ಥವಾಗಿತ್ತು.

ಐದು ವರ್ಷ ಮಂಡಿ ಗಟ್ಟಿ ಇತ್ತು, ಅವರೂ ಅವಸರ ಮಾಡಲಿಲ್ಲ. ಮಂಡಿ ಕೈ ಕೊಟ್ಟ ಮೇಲೆ ಮೊದಲ ಅರ್ಜಿ ಹೋಯಿತು. ಸಮಿತಿಯವರು ಫೋಟೋ ತೆಗೆದು ನೋಡಿ, ಇದು ಹೊಸ ಸೇರ್ಪಡೆ, ಆಗುವುದಿಲ್ಲ ಅಂದರು. ಕಲ್ಲಿನಲ್ಲಿ ಕುಳಿ ಇದೆಯಲ್ಲ ಅಂದರು ಇವರು. ಕುಳಿ ಯಾವುದಕ್ಕೆ ಬೇಕಾದರೂ ಇರಬಹುದು, ಮೇಕೆ ಕಟ್ಟುತ್ತಿದ್ದಿರೇನೋ ಅಂದರು ಔಷಧಿ ಅಂಗಡಿಯವರು. ಆ ಮನುಷ್ಯ ಚಿಕ್ಕವನಾಗಿದ್ದಾಗ ಅದೇ ಕಂಬಿಗೆ ಜೋತುಬಿದ್ದು ಹಲ್ಲು ಮುರಿದುಕೊಂಡಿದ್ದ. ಮುಂದಿನ ಹಲ್ಲು ಇವತ್ತಿಗೂ ಮೊಂಡು.

ಎರಡನೇ ಸಲ ಹಳೆಯ ಫೋಟೋ ಸಾಕ್ಷಿ ತನ್ನಿ ಅಂದರು. ಟ್ರಂಕು ತಡಕಿದೆವು. ಮದುವೆಯ ಫೋಟೋದಲ್ಲಿ ಕಂಬಿಯ ಮುಂದೆ ಸರಿಯಾಗಿ ಚಿಕ್ಕಮ್ಮಂದಿರೆಲ್ಲ ನಿಂತಿದ್ದಾರೆ, ಒಬ್ಬೊಬ್ಬರೂ ಬೀರುವಿನಷ್ಟು ಅಗಲ. ಮಗಳು ಶಾಲೆಗೆ ಹೊರಟ ದಿನದ ಫೋಟೋದಲ್ಲಿ ಅವಳ ಮೊಣಕೈ ಯಾವುದೋ ಒಂದರ ಮೇಲೆ ಒರಗಿದೆ. ಆ ಒಂದು ಫೋಟೋದ ಆಚೆ ಉಳಿದಿದೆ. ನಮ್ಮವರು ಅದನ್ನೇ ತೆಗೆದುಕೊಂಡು ಹೋದರು. ಮೊಣಕೈಯನ್ನು ಪಟ್ಟಿಗೆ ಸೇರಿಸಲು ಬರುವುದಿಲ್ಲ ಅಂದರಂತೆ.

ಮೂರನೇ ಸಲ ಅಧ್ಯಕ್ಷರ ಏಸಿ ಪೆಟ್ಟಿಗೆಯೂ ಅದೇ ಸಭೆಗೆ ಬಂದಿತ್ತು. ಜಾಲರಿ ಮುಚ್ಚಿದರೆ ಕಾಣುವುದಿಲ್ಲ, ಕಾಣದ್ದು ಇಲ್ಲದ ಹಾಗೇ ಅಂತ ಒಪ್ಪಿದರು. ನಮ್ಮ ಕಂಬಿ ಕಾಣುತ್ತದೆ, ಅದಕ್ಕೆ ಮುಂದಕ್ಕೆ ಹಾಕಿದರು. ಅಧ್ಯಕ್ಷರು ಬೆನ್ನು ತಟ್ಟಿ, "ಹುಷಾರಪ್ಪ, ಕಂಬಿ ಹಾಕೋಕೆ ಹೋಗಿ ಕಂಬಿ ಎಣಿಸೋ ಹಾಗಾದೀತು," ಅಂದರಂತೆ. ಎಲ್ಲರೂ ನಕ್ಕರಂತೆ. ನಮ್ಮವರೂ ನಕ್ಕು, ಜಾಲರಿಗೆ ಅಳತೆ ತೆಗೆದುಕೊಂಡು ಬಂದರು. ಅದನ್ನು ನನ್ನ ಮುಂದೆ ಹೇಳುವಾಗಲೂ ನಗುತ್ತಿದ್ದರು. ಅವತ್ತು ನನಗೆ ಅವರ ಮೇಲೂ ಅಸಹ್ಯವಾಯಿತು. ಇದನ್ನು ಬರೆಯಬಾರದು, ಆದರೆ ಆಯಿತು.

ಕೆಂಪು ಗೆರೆ ರಸ್ತೆಯ ನಡುವೆ ಹೋಗುತ್ತದೆ. ಎದುರಿನ ಬ್ಯಾಂಕು ಗೆರೆಯ ಆಚೆ. ಅವರ ಮೆಟ್ಟಿಲಿಗೆ ಎರಡೂ ಕಡೆ ಸ್ಟೀಲ್ ಕಂಬಿ. ಮೆಟ್ಟಿಲು ಮೂರೇ. ನಮ್ಮವರು ಕೂತು ಅರ್ಜಿ ಬರೆಯುವ ಕಿಟಕಿಯಿಂದ ಅದು ಫಳಫಳ ಹೊಳೆಯುತ್ತಿತ್ತು.

ಗುರುವಾರ ಬೆಳಿಗ್ಗೆ ಏಳೂವರೆಗೆ ನಾನು ಮೆಟ್ಟಿಲು ತೊಳೆದೆ. ನಿಯಮ. ಎಂಟಕ್ಕೆ ಮುಂಚೆ ನಮ್ಮವರು ಕೈಚೀಲ ಹಿಡಿದು ಹೊರಟರು, ಅಧ್ಯಕ್ಷರ ಜಾಲರಿಗೆ ಒಂದು ಕೈ ಪಾಲಿಷ್ ಬಾಕಿ ಇತ್ತು. ನಿಧಾನ ಅಂದೆ. ಹೂಂ ಅಂದರು. ನಾಲ್ಕನೇ ಮೆಟ್ಟಿಲಲ್ಲಿ ಎಡಗಾಲು ಜಾರಿತು. ಬಲಗೈ ಪಕ್ಕಕ್ಕೆ ಹೋಯಿತು, ಕಂಬಿ ಇದ್ದ ಜಾಗಕ್ಕೇ. ನಾನು ಬಾಗಿಲಲ್ಲೇ ಇದ್ದೆ, ಕಣ್ಣಾರೆ ಕಂಡೆ. ತಲೆ ಕೆಳಗಿನ ಕಲ್ಲಿಗೆ ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಮೂರು ಪ್ರತಿಯೂ ಜೇಬಿನಲ್ಲೇ ಇದ್ದವು.

ನೀರು ಹಾಕಿದ ಕೈ ನನ್ನದು. ಅದನ್ನು ಯಾರ ಮೇಲೂ ಹಾಕುವುದಿಲ್ಲ.

ವಾರ ಕಳೆದ ಮೇಲೆ ಅಧ್ಯಕ್ಷರು ಬಂದರು. ಗೋಡೆ ಹಿಡಿದು ಹತ್ತಿ ಬಂದು ಕೂತರು. ನಮ್ಮ ಗೋಡೆಗೆ ಒಂದು ಹಿತ್ತಾಳೆ ಫಲಕ ಹಾಕಿಸುತ್ತಾರಂತೆ, ಈ ಬೀದಿಯ ಬಾಗಿಲುಗಳನ್ನು ಉಳಿಸಿದ ಬಡಗಿ ಇಲ್ಲಿದ್ದರು ಅಂತ. ಸಮಿತಿ ಒಂದೇ ಸಭೆಯಲ್ಲಿ ಒಪ್ಪಿತಂತೆ.

"ಫಲಕ ಫೋಟೋದಲ್ಲಿ ಇತ್ತಾ?" ಅಂದೆ.

"ನೋಡಮ್ಮಾ, ಅವನು ನನಗೆ ತಮ್ಮನ ಹಾಗೇ ಇದ್ದ," ಅಂದರು.

"ಹಾಗಾದರೆ ನಿಮ್ಮ ಮೊಂಡು ಹಲ್ಲು ತೋರಿಸಿ, ಅದನ್ನ ಪಟ್ಟಿಗೆ ಸೇರಿಸಿ."

ಬಾಯಿ ಮುಚ್ಚಿಕೊಂಡು ಎದ್ದು ಹೋದರು. ಇಳಿಯುವಾಗ ಅವರ ಕೈಯೂ ಆ ಪಕ್ಕಕ್ಕೆ ಹೋಯಿತು.

ಮರುದಿನ ನಾನೂ ಮಗಳೂ ಹಿತ್ತಲಿಂದ ಕಂಬಿ ಹೊತ್ತು ತಂದು ಕೂರಿಸಿದೆವು. ಅಪ್ಪ ಇದ್ದಿದ್ದರೆ ಬಯ್ಯುತ್ತಿದ್ದರು ಅಂದಳು ಮಗಳು. ನಾನು ಯಾವ ಕಾಗದಕ್ಕೂ ಸಹಿ ಹಾಕಿದವಳಲ್ಲ ಅಂದೆ. ಕಂಬಿ ಒಂಬತ್ತು ದಿನ ಇತ್ತು. ಹತ್ತನೆಯ ದಿನ ನಗರಸಭೆಯ ವ್ಯಾನು ಬಂತು. ನಾಲ್ಕು ಜನ ಕಂಬಿ ಕಿತ್ತು ಒಯ್ದರು. ಅದು ಈಗ ಅವರ ಉಗ್ರಾಣದಲ್ಲಿದೆ, ವಿಚಾರಣೆ ಮುಗಿಯುವವರೆಗೆ. ಕುಳಿಗಳು ಫೋಟೋದಲ್ಲಿ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಗಾರೆ ತುಂಬಿ ಮುಚ್ಚಬೇಕು ಅಂತ ನನಗೆ ನೋಟೀಸು. ಮೆಟ್ಟಿಲು ತೊಳೆಯುತ್ತಿಲ್ಲ ಅಂತ ಇನ್ನೊಂದು. ಎರಡನ್ನೂ ಒಲೆಯ ಪಕ್ಕ ಸಿಕ್ಕಿಸಿದ್ದೇನೆ, ಬಿಸಿ ಪಾತ್ರೆ ಹಿಡಿದು ಇಳಿಸಲು ಆಗುತ್ತದೆ.

ಈಗ ನಾನು ಮೆಟ್ಟಿಲಿಗೆ ನೀರು ಹಾಕುವುದಿಲ್ಲ. ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ಏಳೂ ಮೆಟ್ಟಿಲು ಒರೆಸುತ್ತೇನೆ. ಆಮೇಲೆ ನಮ್ಮವರ ಸಣ್ಣ ಉಳಿ ತೆಗೆದುಕೊಂಡು ಕುಳಿಗಳ ಹತ್ತಿರ ಕೂರುತ್ತೇನೆ. ರಾತ್ರಿಯ ಧೂಳು, ಎಲೆ, ಒಮ್ಮೊಮ್ಮೆ ಬೀಡಿ ತುಂಡು. ಎಲ್ಲ ಕೆರೆದು ತೆಗೆದು, ಊದಿ, ಬೆರಳು ಹಾಕಿ ತಳ ಮುಟ್ಟಿ ನೋಡುತ್ತೇನೆ. ನಾಲ್ಕನ್ನೂ.