ಮೂರನೇ ಕಥೆಗೆ ನಾನು ಕೊಟ್ಟ ದೆವ್ವ

ಐರ್ಲೆಂಡಿನ ಗಾಲ್ವೆ ಎಂಬ ಊರಿಗೆ ಬಂದಿಳಿದ ವಾರದಲ್ಲೇ ಪಕ್ಕದ ಮನೆಯ ಯಜಮಾನ ತೀರಿಕೊಂಡ. ಹಾಗೆಂದು ನಾನು ತಿಳಿದೆ. ಬೆಳಿಗ್ಗೆ ಪರದೆ ಸರಿಸಿ ನೋಡಿದರೆ ಅವರ ಮನೆಯ ಮುಂದಿನ ಹುಲ್ಲಿನಲ್ಲಿ ಸಮಾಧಿಯ ಕಲ್ಲು ನಿಂತಿತ್ತು. ಅದರ ಮೇಲೆ, ಹಿಂದಿನ ದಿನವಷ್ಟೇ ನನಗೆ ಕೈಬೀಸಿ ವೆಲ್ಕಮ್ ಹೇಳಿದ್ದ ಪ್ಯಾಟ್ರಿಕ್‌ನ ಹೆಸರು.

ಮಗಳು ಅಳಿಯ ಇಬ್ಬರೂ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದರು. ಕೇಳಲು ಯಾರೂ ಇರಲಿಲ್ಲ. ನಮ್ಮ ಹುಣಸೂರಿನಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಊಟ ತಂದುಕೊಡಬೇಕು. ಮೆಣಸಿನಕಾಯಿ ಕಡಿಮೆ ಹಾಕಿ ಉಪ್ಪಿಟ್ಟು ಕೆದಕಿ, ಡಬ್ಬಿಗೆ ತುಂಬಿ, ತಲೆಗೆ ಸೆರಗು ಹೊದ್ದು ಹೋಗಿ ಬಾಗಿಲು ತಟ್ಟಿದೆ. ಬಾಗಿಲು ತೆರೆದವನು ಪ್ಯಾಟ್ರಿಕ್‌ನೇ. ಕಾನ್ವೆಂಟಿನಲ್ಲಿ ಕಲಿಸಿದ ಕಂಡೋಲೆನ್ಸ್ ವಾಕ್ಯ ಅರ್ಧ ಬಾಯಿಂದ ಬಂದಿತ್ತು, ಅಲ್ಲಿಗೇ ನಿಂತಿತು. ಅವನು ಒಳಗೆ ಕರೆದು, ನನ್ನೆದುರೇ ಕೂತು ತನ್ನ ಸಾವಿನ ಉಪ್ಪಿಟ್ಟನ್ನು ಪೂರ್ತಿ ತಿಂದು, "ದಟ್ ವಾಸ್ ಗ್ರ್ಯಾಂಡ್" ಅಂದ.

ಇಲ್ಲಿ ಎಲ್ಲವೂ ಗ್ರ್ಯಾಂಡ್. ಚೆನ್ನಾಗಿದೆ, ಪರವಾಗಿಲ್ಲ, ಆಯ್ತು, ಬಿಡಿ, ಇಷ್ಟಕ್ಕೂ ಒಂದೇ ಮಾತು. ಹೈಸ್ಕೂಲಿನಲ್ಲಿ ಬದುಕಿಡೀ ಇಂಗ್ಲಿಷ್ ಪಾಠ ಹೇಳಿದ ನನಗೆ ಅಂಗಡಿಯಲ್ಲಿ ಹಾಲು ಕೇಳಲು ನಾಲಿಗೆ ತೊಡರುತ್ತಿತ್ತು. ಆದರೆ ಬಸ್ಸಿನಲ್ಲಿ ಒಬ್ಬ ಅಜ್ಜಿ 'ಥರ್ಸ್‌ಡೇ'ಯನ್ನು 'ಟರ್ಸ್‌ಡೇ' ಅಂದಾಗ ನನ್ನ ಕಣ್ಣು ತುಂಬಿತು. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಗ್ರಾಮರ್ ಕಲಿಸಿದ ಐರಿಷ್ ಸಿಸ್ಟರ್ ಹಾಗೆಯೇ ಅನ್ನುತ್ತಿದ್ದರು. ಅದು ಅವರ ಹಲ್ಲಿನ ದೋಷ ಎಂದು ನಾವು ಹುಡುಗಿಯರು ನಗುತ್ತಿದ್ದೆವು. ಅವರು ತಮ್ಮ ಊರನ್ನು ಬಾಯಲ್ಲಿ ಇಟ್ಟುಕೊಂಡು ಬಂದಿದ್ದರು, ಅಷ್ಟೇ.

ಸಮಾಧಿಯ ಕಲ್ಲು ಪ್ಲಾಸ್ಟಿಕ್ಕಿನದು. ಅಕ್ಟೋಬರ್ ಕೊನೆಗೆ ಇವರಿಗೆ ಹ್ಯಾಲೋವೀನ್, ಸತ್ತವರು ಬರುವ ಹಬ್ಬ. ಇದೇನು ಹೊಸದಲ್ಲ, ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರು ಬರುವುದಿಲ್ಲವೇ ಎಂದುಕೊಂಡೆ. ಮೊಮ್ಮಗಳು ಅನು ಅದನ್ನು ಟಿವಿಯಲ್ಲಿ ತೋರಿಸಿದ ಮೇಲೆ ಎಷ್ಟು ಬೇರೆ ಎಂದು ತಿಳಿಯಿತು.

ಅನು ಇಲ್ಲೇ ಹುಟ್ಟಿದವಳು, ಕಾಲೇಜಿನಲ್ಲಿ ಅನಿಮೇಷನ್ ಓದುತ್ತಾಳೆ. ಅವಳ ಮೆಚ್ಚಿನ ಕಾರ್ಟೂನ್ ಕಾಮಿಡಿ ಒಂದಿದೆ. ವರ್ಷವೆಲ್ಲ ಒಂದು ಸಂಸಾರದ ತಮಾಷೆ. ಹ್ಯಾಲೋವೀನಿಗೆ ಮಾತ್ರ ಒಂದೇ ಎಪಿಸೋಡಿನಲ್ಲಿ ಮೂರು ದೆವ್ವದ ಕಥೆ. ಮೊದಲಿಗೆ ಒಬ್ಬ ಬಂದು, ಗುಂಡಿಗೆ ಗಟ್ಟಿ ಇಲ್ಲದವರು ಟಿವಿ ಆರಿಸಿ ಎಂದು ಎಚ್ಚರಿಸುತ್ತಾನೆ. ಒಂದನೇ ಕಥೆಯಲ್ಲಿ ಸಂಸಾರದವರು ಹಳೇ ಅಂಗಡಿಯಲ್ಲಿ ಶಾಪದ ಗೊಂಬೆ ಕೊಳ್ಳುತ್ತಾರೆ. ಬೇಡ ಎಂದು ಅಂಗಡಿಯವನೇ ಹೇಳುತ್ತಾನೆ, ಇವರು ಕೇಳುವುದಿಲ್ಲ. ಎರಡನೆಯದರಲ್ಲಿ ಹೋಗಬಾರದ ನೆಲಮಾಳಿಗೆಗೆ ಒಬ್ಬೊಬ್ಬರೇ ಟಾರ್ಚ್ ಹಿಡಿದು ಇಳಿಯುತ್ತಾರೆ. ಅಪ್ಪನ ತಲೆ ಕತ್ತರಿಸಿ ಬಿದ್ದರೂ ಅದು ಊಟ ರೆಡಿಯಾ ಎಂದು ಕೇಳುತ್ತದೆ. ಮೂರನೆಯದರ ಕೊನೆಗೆ ಒಂದು ತಿರುವು, ಎಲ್ಲರೂ ಸಾಯುತ್ತಾರೆ. ಆಮೇಲೆ ಚಿತ್ರ ಮಾಡಿದವರ ಹೆಸರುಗಳು, ಅವಕ್ಕೂ ರಕ್ತ, ಮೂಳೆ ಎಂದೆಲ್ಲ ಅಡ್ಡಹೆಸರು.

"ಮುಂದಿನ ವಾರ ಯಾರನ್ನ ತೋರಿಸ್ತಾರೆ? ಎಲ್ಲಾ ಸತ್ತರಲ್ಲ" ಎಂದು ಕೇಳಿದೆ.

"ಅಜ್ಜಿ, ನೆಕ್ಸ್ಟ್ ವೀಕ್ ಎಲ್ಲಾರೂ ಇರ್ತಾರೆ. ಹ್ಯಾಲೋವೀನ್ ಎಪಿಸೋಡ್ ಡಸಂಟ್ ಕೌಂಟ್. ಅದೇ ರೂಲ್."

ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಮ್ಮ ಕಡೆ ದೆವ್ವಕ್ಕೆ ವಿಳಾಸವಿರುತ್ತದೆ. ವೀರನಹೊಸಹಳ್ಳಿ ರಸ್ತೆಯ ಮರದಲ್ಲಿ ದೆವ್ವವಾಗಿ ಇದ್ದಾಳೆ ಎನ್ನುವವಳ ತಮ್ಮ ಹುಣಸೂರಿನ ಸಂತೆಗೆ ಬರುತ್ತಾನೆ. ಅವನು ಕೇಳಿಸಿಕೊಳ್ಳುವಷ್ಟು ಹತ್ತಿರ ಇದ್ದರೆ ಯಾರೂ ಆ ಕಥೆ ಎತ್ತುವುದಿಲ್ಲ. ಇಲ್ಲಿನ ದೆವ್ವಗಳಿಗೆ ತಮ್ಮ ಇಲ್ಲ, ಸಂತೆ ಇಲ್ಲ. ಹಾಗಾಗಿ ನಗಬಹುದು. ನಾನೂ ನಕ್ಕೆ. ನಗುವುದು ಅಭ್ಯಾಸವಾಯಿತು, ನನ್ನ ತಪ್ಪಿಗೆ ಅಲ್ಲಿಂದಲೇ ದಾರಿ.

ಚಳಿಗಾಲ ಬಂತು. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಈ ಮನೆಯಲ್ಲಿ ಅಡುಗೆಮನೆ, ಊಟದ ಮನೆ, ಹಾಲ್ ಎಲ್ಲ ಒಂದೇ, ನಡುವೆ ಗೋಡೆಯಿಲ್ಲ. ಓಪನ್ ಪ್ಲಾನ್ ಎನ್ನುತ್ತಾರೆ. ಗೋಡೆಯೇ ಇಲ್ಲದ ಮನೆಯಲ್ಲಿ ಇಷ್ಟು ಒಂಟಿಯಾಗಿರಬಹುದು ಎಂದು ನನಗೆ ತಿಳಿದಿರಲಿಲ್ಲ. ಗೆಲುವುಗಳೂ ಇದ್ದವು. ಒಬ್ಬಳೇ ಬಸ್ಸಿನಲ್ಲಿ ಲೈಬ್ರರಿಗೆ ಹೋಗಿಬಂದೆ. ಇಲ್ಲಿನ ಸೋಡಾ ಬ್ರೆಡ್ ಕಲಿತೆ. ಯೀಸ್ಟ್ ಇಲ್ಲ, ನಾದುವುದಿಲ್ಲ, ಮಜ್ಜಿಗೆ ಹಾಕಿ ಕಲಸಿ ಒಲೆಗಿಡುವುದು, ನಮ್ಮ ರೊಟ್ಟಿಯ ದೂರದ ನೆಂಟ. ಆದರೆ ತಿಂಗಳುಗಟ್ಟಲೆ ಯಾರೂ ನನ್ನನ್ನು ಏನನ್ನೂ ಕೇಳಲಿಲ್ಲ. ಟೀ ಬೇಕಾ ಎಂಬುದನ್ನು ಬಿಟ್ಟು.

ಹಾಗಿರುವಾಗ ಅನು ತನ್ನ ಗೆಳತಿಯರನ್ನು ಕರೆತಂದಳು. ಕಾಲೇಜಿನ ಪ್ರಾಜೆಕ್ಟಿಗೆ ಅವರೂ ಮೂರು ಕಥೆಯ ದೆವ್ವದ ಕಾರ್ಟೂನ್ ಮಾಡುತ್ತಿದ್ದರು.

"ಅಜ್ಜಿ, ಥರ್ಡ್ ಸ್ಟೋರಿ ವೀಕ್ ಆಗಿದೆ. ಹುಣಸೂರ್ ದೆವ್ವ ಯಾವುದಾದರೂ ಇದ್ಯಾ?"

ನಾಲ್ಕು ಹುಡುಗಿಯರು ಕಾರ್ಪೆಟ್ಟಿನ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದರು. ಮತ್ತೆ ಟೀಚರ್ ಆದ ಹಾಗಿತ್ತು. ನಾನು ನನ್ನ ಅತ್ತಿಗೆಯ ಗುಟ್ಟು ಹೇಳಿದೆ.

ನನ್ನ ತವರು ಕೃಷ್ಣರಾಜನಗರದ ಹತ್ತಿರದ ಹಳ್ಳಿ, ನಾಲೆಯ ನೀರಿನ ಗದ್ದೆ ಇರುವವರು. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ ಚಿಕ್ಕತಾಯಮ್ಮ, ಎಚ್.ಡಿ. ಕೋಟೆಯ ಕಾಡಂಚಿನ ಎನ್. ಬೇಗೂರಿನವಳು. ನಮ್ಮವರು ಅವಳನ್ನು "ಕಾಡ್ನೋಳು" ಎಂದು ಆಡಿಕೊಳ್ಳುತ್ತಿದ್ದರು. ಅವಳು ಸೊಸೆಯಾಗಿ ಬಂದ ವರ್ಷವೇ ಅಪ್ಪ ತೀರಿಕೊಂಡಿದ್ದರು. ಹಿರಿಯರ ಹಬ್ಬಕ್ಕೆ ನಡುಮನೆಯಲ್ಲಿ ಅಪ್ಪನಿಗೆ ಎಡೆ ಇಟ್ಟರು: ಹೊಸ ಪಂಚೆ, ಬೀಡಿ, ಮಟನ್ ಸಾರು, ಈಲಿ ಎನ್ನುವ ಲಿವರ್ ಹುರಿದದ್ದು. ಎಡೆ ಇಟ್ಟ ಮೇಲೆ ಎಲ್ಲರೂ ಹೊರಬಂದು ಬಾಗಿಲು ಮುಚ್ಚಿ ಜಗಲಿಯ ಮೇಲೆ ಕೂರಬೇಕು. ಸತ್ತವರು ಬಂದು ನಿಧಾನವಾಗಿ ಉಣ್ಣಲಿ ಎಂದು. ಹಿರಿಯರು ಯಾರಾದರೂ ಕೆಮ್ಮಿ, ಸದ್ದು ಮಾಡಿ ಬಾಗಿಲು ತೆರೆಯುವವರೆಗೆ ಮನೆಯಲ್ಲಿ ಯಾರೂ ಊಟ ಮುಟ್ಟುವಂತಿಲ್ಲ.

ಅತ್ತಿಗೆ ಬಸುರಿ. ಬೆಳಗಿನಿಂದ ಮಸಾಲೆ ಅರೆದು ಬೇಯಿಸಿ, ಒಂದು ತುತ್ತೂ ಇಲ್ಲದೆ ಒಳಗಿನ ಅಡುಗೆಮನೆಯಲ್ಲಿ ತಲೆಸುತ್ತಿ ಕೂತಿದ್ದಳು. ಅವಳು ಒಳಗಿರುವುದನ್ನು ಗಮನಿಸದೆ ಬಾಗಿಲು ಮುಚ್ಚಿದರು. ಹಸಿವು ತಡೆಯಲಿಲ್ಲ. ಅವಳು ಬಂದು ಅಪ್ಪನ ಎಲೆಯಿಂದ ಈಲಿ ತಿಂದು, ಹಿತ್ತಲ ಬಾಗಿಲಿಂದ ಆಚೆ ಹೋದಳು. ಬಾಗಿಲು ತೆರೆದಾಗ ಎಲೆಯ ಮೇಲೆ ಬೆರಳಾಡಿದ ಗುರುತು ಕಂಡು ಅವ್ವ ಅತ್ತಳು. "ನಿಮ್ಮಪ್ಪ ಬಂದಿದ್ರು ಕಣ್ರಲಾ, ಈಲಿ ಅಂದ್ರೆ ಪ್ರಾಣ ಅವ್ರಿಗೆ" ಎಂದು ಊರಿಗೆಲ್ಲ ಹೇಳಿದಳು. ಸಾಯುವವರೆಗೂ ಅವ್ವನಿಗೆ ಅದೇ ಸಮಾಧಾನ. ದಸರಾ ರಜೆಗೆ ಕಾನ್ವೆಂಟಿನಿಂದ ಬಂದಿದ್ದ ನನಗೊಬ್ಬಳಿಗೇ ಅತ್ತಿಗೆ ನಿಜ ಹೇಳಿದ್ದಳು.

ಹುಡುಗಿಯರು ಕಾರ್ಪೆಟ್ಟಿನ ಮೇಲೆ ಉರುಳಿ ನಕ್ಕರು. ಆ ನಗು ನನಗೆ ಬೇಕಿತ್ತು. ಅದು ನಿಂತುಹೋದೀತು ಎಂದು ಮುಂದಿನದನ್ನು ಹೇಳಲಿಲ್ಲ.

ಮುಂದಿನದು ಇಷ್ಟೇ. ಅತ್ತಿಗೆಯ ಆ ಮಗು ಹುಟ್ಟಿ, ಹೆಸರಿಡುವ ಮೊದಲೇ ಹೋಯಿತು. ಬಾಣಂತಿ ಕೋಣೆಯಲ್ಲಿ ನನ್ನ ಕೈ ಹಿಡಿದು ಅವಳು, "ಓದ್ದೋಳು ನೀನು, ಯೋಳು. ಮಾವ್ನೋರ ಎಡೆ ಮುಟ್ಟುದ್ದಕ್ಕೇ ಇಂಗಾಯ್ತಾ?" ಎಂದು ಕೇಳಿದ್ದಳು. ಇಲ್ಲ ಅತ್ತಿಗೆ, ಹಾಗೆಲ್ಲ ಇಲ್ಲ ಎಂದಿದ್ದೆ. ನಂಬಿದಳೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಕಾರ್ಟೂನ್ ಚೆನ್ನಾಗಿಯೇ ಬಂತು. ಅನು ನಮ್ಮ ಹಳ್ಳಿಮನೆಯನ್ನು ಫೋಟೋ ನೋಡಿ ಬರೆದಳು, ಕಂಬ, ಜಗಲಿ, ಎಲ್ಲ ಹಾಗೆಯೇ. ಕಾಡಿನ ಕಡೆಯಿಂದ ಬಂದ ಸೊಸೆಗೆ ಹಸಿರು ಮುಖ, ದೊಡ್ಡ ಬಾಯಿ. ಅತ್ತೆಯ ದನಿ ನನ್ನದು. ಮೂರನೇ ಕಥೆಗೆ ತಿರುವು ಬೇಕಲ್ಲ, ಅದನ್ನು ಹುಡುಗಿಯರೇ ಸೇರಿಸಿದರು: ನಿಜವಾದ ಹಿರಿಯರ ದೆವ್ವ ತಡವಾಗಿ ಬರುತ್ತದೆ, ಎಲೆ ಖಾಲಿ ಇರುವುದನ್ನು ನೋಡಿ ಸೊಸೆಯನ್ನೇ ನುಂಗುತ್ತದೆ. ಹೆಸರುಗಳು ಬರುವಾಗ ಅವಳು ಮತ್ತೆ ಎದ್ದು ಕುಣಿಯುತ್ತಾಳೆ. ಅತ್ತಿಗೆ ಒಂದು ಜನ್ಮವೆಲ್ಲ ಹೆದರಿದ್ದನ್ನೇ ಅವರು ಜೋಕ್ ಮಾಡಿದ್ದರು. ಪಾಪ, ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು, "ವೆರಿ ಕ್ಲೆವರ್" ಅಂದೆ.

ಸೆಪ್ಟೆಂಬರಿನಲ್ಲಿ ಅದನ್ನು ಯೂಟ್ಯೂಬಿಗೆ ಹಾಕಿದರು. ಹಿರಿಯರ ಹಬ್ಬ ಹತ್ತಿರವಿತ್ತು. ಯಾರೋ ನೆಂಟರು ನೋಡಿ ವಾಟ್ಸಾಪಿನ ಫ್ಯಾಮಿಲಿ ಗ್ರೂಪಿಗೆ ಕಳಿಸಿದರು. ಅತ್ತಿಗೆಯ ಮಗ ಸ್ವಾಮಿ ನಗುತ್ತಲೇ ಫೋನ್ ಮಾಡಿದ.

"ಅತ್ತೆ, ಸಿನಿಮಾ ಸೂಪರಾಗದೆ. ನಮ್ಮನೆ ಅಂಗಂಗೇ ಬರ್ದವ್ಳೆ. ಅವ್ವುನ್ನ ನೀನೇನಾ ಅದು ಅಂತ ಕೇಳುದ್ರೆ ಇಲ್ಲ ಅನ್ನನೇ ಇಲ್ಲ. ಈಗ ಐಕ್ಳೆಲ್ಲ ಈಲಿ ದೆವ್ವ ಅಂತ ರೇಗುಸ್ತಾವೆ."

"ಅತ್ತಿಗೆ ಏನಂದ್ರು?"

"ಏನೂ ಅನ್ನಿಲ್ಲ. ಆದ್ರೆ ಈ ಸಲ ಎಡೆ ನಮ್ಮವಳೇ ಇಕ್ತಾಳಂತೆ. ಹಿರೇರ ಊಟ ಎಂಜಲು ಮಾಡ್ದ ಕೈಯಿ ಅಂತ ನೆಂಟರೆಲ್ಲ ಗುಸುಗುಸು ಅಂತಾವ್ರೆ. ಬುಡಿ, ಅವ್ವಂಗೂ ವಯಸ್ಸಾಯ್ತು."

ಅವ್ವ ಹೋದ ಮೇಲೆ ಆ ಮನೆಯಲ್ಲಿ ಎಡೆ ಇಡುತ್ತಿದ್ದವಳು ಅತ್ತಿಗೆ. ಅಣ್ಣ ಹೋದ ಮೇಲೆ ಅವನಿಗೂ ಅವಳೇ. ಕಾಡಿನವಳು ಎನಿಸಿಕೊಂಡು ಬಂದವಳಿಗೆ ಆ ಮನೆ ಕೊನೆಗೂ ಕೊಟ್ಟಿದ್ದ ಸ್ಥಾನ ಅದು. ಅದನ್ನು ನಾನು ಗಾಲ್ವೆಯ ಕಾರ್ಪೆಟ್ಟಿನ ಮೇಲೆ ಕೂತು ಕಿತ್ತುಕೊಂಡೆ. ಅನುವಿಗೆ ಹೇಳಿದೆ. ಕೂಡಲೇ ವಿಡಿಯೋ ತೆಗೆದುಹಾಕಿದಳು. ಆದರೆ ಫೋನಿನಿಂದ ಫೋನಿಗೆ ಹೋದದ್ದನ್ನು ಯಾರು ತೆಗೆಯುತ್ತಾರೆ?

ಹಬ್ಬದ ದಿನ ಇಲ್ಲಿ ಮಧ್ಯಾಹ್ನ, ಅಲ್ಲಿ ದೀಪ ಹಚ್ಚುವ ಹೊತ್ತು. ಧೈರ್ಯ ಮಾಡಿ ವಿಡಿಯೋ ಕಾಲ್ ಮಾಡಿದೆ. ಅತ್ತಿಗೆ ಜಗಲಿಯ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ಬೆನ್ನ ಹಿಂದೆ ಮುಚ್ಚಿದ ಬಾಗಿಲು. ಉಳಿದವರು ಅಂಗಳದಲ್ಲಿ.

"ಎಡೆ ಇಕ್ಕವ್ರೆ. ಮೆತ್ತುಗ್ ಮಾತಾಡು" ಅಂದಳು.

"ಅತ್ತಿಗೆ, ನನ್ನಿಂದ ತಪ್ಪಾಯ್ತು. ನಿಮ್ಮ ಮಾತು ನಾನು ಆಡಬಾರದಿತ್ತು."

"ನಗ್ಲಿ ಬುಡವ್ವ, ನಂಗೇನು. ಮುಖ ಯಾಕಂಗೆ ಹಸ್ರು ಬರ್ದವ್ಳೆ ನಿನ್ ಮೊಮ್ಮಗ್ಳು? ನಾನು ಕಪ್ಪಿದ್ದೆ, ಹಸ್ರೇನಿರ್ಲಿಲ್ಲ." ನಗಲಿಲ್ಲ ಅವಳು. ಫೋನನ್ನು ಮುಖದ ಹತ್ತಿರಕ್ಕೆ ತಂದು, "ಅದ್ರಲ್ಲಿ ಮಗೀನೇ ಇಲ್ವಲ್ಲ, ಲಲಿತ" ಅಂದಳು.

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಯೋಳೋಳು ಪೂರ್ತಿ ಯೋಳ್ಬೇಕಿತ್ತು. ಅರ್ಧ ಯೋಳಿ ನಗ್ಸುದ್ದೀಯ." ಅಂಗಳದ ಕಡೆ ಒಮ್ಮೆ ನೋಡಿ ದನಿ ಇನ್ನೂ ತಗ್ಗಿಸಿದಳು. "ಹೆಸ್ರಿಡ್ದಿರೋ ಮಗೀಗೆ ಎಡೆ ಇಲ್ಲ ಅಂತಾರಲ್ಲ. ನಾನಿಕ್ಕೋವಾಗ ಮೂಲೇಲಿ ಒಂದು ವೀಳ್ಯದೆಲೆ ಮ್ಯಾಲೆ ಒಸಿ ಬೆಲ್ಲ ಇಕ್ತಿದ್ದೆ. ನಿಮ್ಮಣ್ಣಂಗೂ ಯೋಳಿರ್ಲಿಲ್ಲ. ಈ ಸಲ ಸೊಸೆ ಇಕ್ಕವ್ಳೆ. ಅವ್ಳಿಗೇನ್ ಗೊತ್ತು?"

"ಈಗಲೇ ಹೇಳಿ ಅತ್ತಿಗೆ, ಬಾಗಿಲು ತೆಗೆದು..."

"ಮುಚ್ಚಿದ್ ಬಾಗ್ಲು ತೆಗಿಯಂಗಿಲ್ಲ. ಇನ್ನೊಂದ್ಸಲ ಒಳಿಕ್ಕೋಗೋಳಾ ನಾನು?" ಆಮೇಲೆ ಅಂದಳು, "ನೀನಿಕ್ಕು. ಅಲ್ಲಿ ಬೆಲ್ಲ ಸಿಕ್ಕದ?"

ಬೆಲ್ಲವಿತ್ತು. ವೀಳ್ಯದೆಲೆ ಇರಲಿಲ್ಲ. ಕಿಟಕಿಯ ಕುಂಡದಿಂದ ಒಂದು ಎಲೆ ಕಿತ್ತು, ತೊಳೆದು, ಅಡುಗೆಯ ಕಟ್ಟೆಯ ಮೂಲೆಯಲ್ಲಿ ಬೆಲ್ಲದ ಚೂರಿಟ್ಟೆ. ಮುಚ್ಚೋಣವೆಂದರೆ ಕೋಣೆಗೆ ಬಾಗಿಲಿಲ್ಲ. ಆದ್ದರಿಂದ ಕೋಟು ಹಾಕಿಕೊಂಡು, ಫೋನ್ ಹಿಡಿದು ಮನೆಯಿಂದಲೇ ಆಚೆ ಬಂದು ಬೀದಿಬಾಗಿಲು ಎಳೆದುಕೊಂಡೆ. ಸೋನೆ ಹಿಡಿದಿತ್ತು. ಇದನ್ನು ಬರೆದರೆ ಬೇಜಾರೇ ಎಂದು ಅಲ್ಲಿ ನಿಂತೇ ಕೇಳಿದೆ. "ಬರ್ಕೊ. ಈ ಸಲ ಮಗೀನ ಬುಡ್ಬೇಡ" ಅಂದಳು.

ಬಳಿಕ ಇಬ್ಬರೂ ಕಾದೆವು. ಅವಳ ಹಿಂದೆ ಒಂದು ಬಾಗಿಲು, ನನ್ನ ಹಿಂದೆ ಒಂದು. ಆ ಮಗುವಿಗೆ ಈ ಊರಿನ ದಾರಿ ತಿಳಿಯುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಸಮುದ್ರ ದಾಟಬೇಕು, ಬಸ್ ನಂಬರ್ ಗೊತ್ತಿರಬೇಕು, ಒಂದೇ ಥರದ ಮನೆಗಳ ಸಾಲಿನಲ್ಲಿ ನಮ್ಮದನ್ನು ಗುರುತಿಸಬೇಕು. ನನಗೇ ಇನ್ನೂ ಕೆಲವು ಸಲ ತಪ್ಪುತ್ತದೆ.

ಅಲ್ಲಿ ಯಾರೋ ಕೆಮ್ಮಿದ ಸದ್ದು ಕೇಳಿಸಿತು. "ಬಾಗ್ಲು ತೆಗೀತಾವ್ರೆ, ಫೋನ್ ಮಡುಗ್ತೀನಿ" ಎಂದು ಅತ್ತಿಗೆ ಫೋನ್ ಇಟ್ಟಳು.

ಇಲ್ಲಿ ಕೆಮ್ಮಬೇಕಾದ ಹಿರಿಯಳು ನಾನೇ. ಗಂಟಲವರೆಗೆ ಬಂತು. ಒಳಗೆ ಅವಳಿನ್ನೂ ಉಣ್ಣುತ್ತಿದ್ದರೆ ಎಂದು ತಡೆದುಕೊಂಡು, ಮಳೆಯಲ್ಲಿ ನಿಂತೇ ಇದ್ದೆ. ಹೆಣ್ಣುಮಗು ಅದು. ಅನುವಿನ ಗೆಳತಿಯರಿಗೆ ನಾನು ಅದನ್ನೂ ಹೇಳಿರಲಿಲ್ಲ.