ಗಡಗಡ ಎನ್ನುವ ಬಾಗಿಲು

ಮೊನ್ನೆ ಹಾಸನದ ಅಂಗಡಿಯೊಂದರಲ್ಲಿ ಬಾಗಿಲು ನೋಡುತ್ತ ನಿಂತಿದ್ದೆ. ತೆರೆದು ಮುಚ್ಚುವ ಮಾಮೂಲಿ ಬಾಗಿಲಲ್ಲ. ಮೇಲೊಂದು ಕಬ್ಬಿಣದ ಪಟ್ಟಿ, ಅದರ ಮೇಲೆ ಓಡುವ ಗಾಲಿಗಳು, ಗಾಲಿಗೆ ನೇತುಬಿದ್ದು ಗೋಡೆಗುಂಟ ಪಕ್ಕಕ್ಕೆ ಸರಿಯುವ ಬಾಗಿಲು. ಅಂಗಡಿಯವನು ಒಂದೇ ಬೆರಳಿನಲ್ಲಿ ತಳ್ಳಿ ತೋರಿಸಿ, "ಬಾರ್ನ್ ಡೋರ್ ಮೇಡಂ, ಫಾರಿನ್ ಮಾಡಲ್ಲು. ಚೂರೂ ಸದ್ದಿಲ್ಲ" ಎಂದ. ಗಾಲಿಗೆ ಸವರಿದ್ದ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ನನಗೆ ನಗು ತಡೆಯಲಾಗಲಿಲ್ಲ. ನಿನ್ನ ಫಾರಿನ್ ಬಾಗಿಲನ್ನು ನಾವು ಅರಸೀಕೆರೆಯಲ್ಲಿ ಎಂದೋ ಹಾಕಿಸಿ, ಅದರ ಹಿಂದೆ ಸಿಕ್ಕಿಕೊಂಡು, ಹೊರಗೂ ಬಂದಿದ್ದೇವಪ್ಪ ಎಂದು ಅವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಈಗ ಬಾಗಿಲು ಬೇಕಾಗಿರುವುದು ನನ್ನ ಅತ್ತೆಗೆ. ಅವರು ವಾಕರ್ ಹಿಡಿದು ನಡೆಯುತ್ತಾರೆ. ಬಾಗಿಲನ್ನು ಎಳೆದುಕೊಂಡು ಹಿಂದಕ್ಕೆ ಹೆಜ್ಜೆಯಿಡುವುದು ಅವರಿಗೆ ಆಗದ ಕೆಲಸ. ಸರಿಯುವ ಬಾಗಿಲು ಒಗ್ಗುತ್ತದೋ ಇಲ್ಲವೋ ಎನ್ನುವುದು ಪ್ರಶ್ನೆ. ತಮಾಷೆಯೆಂದರೆ, ತೊಂಬತ್ತರ ದಶಕದಲ್ಲಿ ಇದೇ ಪ್ರಶ್ನೆ ಎದ್ದಾಗ ಬೇಕೆಂದು ಹಟ ಹಿಡಿದವಳು ನಾನು, ಬೇಡವೆಂದವರು ಅವರು.

ಆಗ ನಾನು ಹೊಸ ಸೊಸೆ. ಹಳೇಬೀಡಿನ ಹುಡುಗಿ ಎಂದೊಡನೆ ಅರಸೀಕೆರೆಯ ನೆಂಟರೆಲ್ಲ ಶಿಲಾಬಾಲಿಕೆಯನ್ನೇ ನಿರೀಕ್ಷಿಸಿದ್ದರೆಂದು ಕಾಣುತ್ತದೆ; ನೋಡಿ ಸುಮ್ಮನಾದರು. ಮಾವನವರದು ಕೊಬ್ಬರಿ ವ್ಯಾಪಾರ. ಮನೆಯಲ್ಲಿ ಹಾಸಿಗೆಯಿಂದ ಹಿಡಿದು ಹಪ್ಪಳದವರೆಗೆ ಎಲ್ಲಕ್ಕೂ ಕೊಬ್ಬರಿ ವಾಸನೆ. ನಮಗೆಂದು ಬಿಟ್ಟುಕೊಟ್ಟ ಕೋಣೆ ಮೊದಲು ಮೂಟೆ ಇಡುತ್ತಿದ್ದ ಜಾಗ. ಮೂಟೆಗೆ ಮರ್ಯಾದೆಯ ಪ್ರಶ್ನೆ ಇಲ್ಲದ್ದರಿಂದ ಅದಕ್ಕೆ ಬಾಗಿಲೇ ಇರಲಿಲ್ಲ. ನಮಗಾಗಿ ಗಿಳಿ ಚಿತ್ರದ ಪರದೆಯೊಂದನ್ನು ಕಟ್ಟಿದ್ದರು. ಫ್ಯಾನು ಹಾಕಿದರೆ ಗಿಳಿಗಳು ಹಾರಿ ನಡುಮನೆಯವರೆಲ್ಲ ಕಾಣುತ್ತಿದ್ದರು, ಅವರಿಗೆ ನಾವೂ ಕಾಣುತ್ತಿದ್ದೆವು. ಗಾಳಿ ಬೇಕೋ ಮಾನ ಬೇಕೋ ಎಂದು ದಿನವೂ ಯೋಚಿಸಬೇಕಾಗಿತ್ತು. ಸೀರೆ ಉಡುವಾಗ ಒಂದು ಕಣ್ಣು ನೆರಿಗೆಯ ಮೇಲೆ, ಇನ್ನೊಂದು ಪರದೆಯ ಮೇಲೆ. ನನಗೆ ಒಡವೆ ಬೇಡವಾಗಿತ್ತು, ತೌರಿಗೆ ಹೋಗುವುದೂ ಬೇಡವಾಗಿತ್ತು. ಮುಚ್ಚಿಕೊಳ್ಳುವ ಒಂದು ಬಾಗಿಲು ಬೇಕಾಗಿತ್ತು.

ಬಾಗಿಲು ಹಾಕಿಸಲು ಯಾರದೂ ಅಡ್ಡಿಯಿಲ್ಲ, ಜಾಗದ್ದೇ ಅಡ್ಡಿ. ಒಳಕ್ಕೆ ತೆರೆದರೆ ಮಂಚಕ್ಕೆ ಬಡಿಯುತ್ತದೆ, ಹೊರಕ್ಕೆ ತೆರೆದರೆ ಅಡುಗೆಮನೆಯ ದಾರಿ ಮುಚ್ಚುತ್ತದೆ. ಆಗ ಮಾವನವರಿಗೆ ತಮ್ಮ ಹಳೆಯ ಕೊಬ್ಬರಿ ಗೋಡೌನಿನ ಬಾಗಿಲು ನೆನಪಾಯಿತು. ಗೋಡೌನು ಕೆಡವಿದ ಮೇಲೆ ಅದು ಹಿತ್ತಿಲಲ್ಲಿ ಗಾಲಿ, ಪಟ್ಟಿಗಳ ಸಮೇತ ಮಲಗಿತ್ತು. ಅದನ್ನೇ ಕೊಯ್ಸಿ ಚಿಕ್ಕದು ಮಾಡಿಸೋಣ ಎಂದರು.

ಗೋಡೆಗುಂಟ ಸರಿಯುವ ಬಾಗಿಲಿಗೆ ಹೊಸಿಲಿರುವುದಿಲ್ಲ; ಅತ್ತೆ ಒಪ್ಪಲಿಲ್ಲ. "ಹೊಸ್ಲಿಲ್ದಿದ್ ಮೇಲೆ ಅದೆಂಥ ಬಾಗ್ಲು? ಶುಕ್ರವಾರ ಅರಿಶಿನ ಕುಂಕುಮ ಎಲ್ಲಿಗ್ ಇಡಾನ?" ಎಂದರು. ನನ್ನ ಗಂಡನ ಅಭಿಪ್ರಾಯ ಕೇಳಿದರೆ, ಅದೂ ಸರಿ ಇದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಕೊನೆಗೆ ನಾನೇ ಧೈರ್ಯ ಮಾಡಿ, ಹೊಸಿಲಿನ ಜಾಗದಲ್ಲಿ ದಿನವೂ ರಂಗೋಲಿಯ ಎಳೆ ಎಳೆದು ಅದಕ್ಕೇ ಪೂಜೆ ಮಾಡುತ್ತೇನೆ ಎಂದೆ. ಅತ್ತೆ ರಂಗೋಲಿ ಡಬ್ಬಿಯನ್ನು ನನ್ನತ್ತ ಸರಿಸಿದರು. ಬಡಗಿ ಬಂದ.

ನೀವೂ ಇಂಥ ಬಾಗಿಲಿನ ಯೋಚನೆಯಲ್ಲಿದ್ದರೆ ಅನುಭವಸ್ಥಳ ಮಾತು ಕೇಳಿ. ಮೊದಲು ಪಕ್ಕದ ಗೋಡೆ ನೋಡಿ. ನಮ್ಮ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಬಾಗಿಲು ತೆರೆದರೆ ಕ್ಯಾಲೆಂಡರ್ ಅದರ ಹಿಂದೆ ಅಡಗುತ್ತಿತ್ತು. ಹೀಗಾಗಿ ಏಕಾದಶಿ ಯಾವತ್ತೆಂದು ನೋಡಬೇಕಾದವರೆಲ್ಲ ಬಂದು ನಮ್ಮ ಕೋಣೆಯ ಬಾಗಿಲು ಎಳೆಯುತ್ತಿದ್ದರು. ಎರಡನೆಯದು ಸದ್ದು. ನಮ್ಮದು ಗೂಡ್ಸ್ ರೈಲಿನಂತೆ ಗಡಗಡ ಎನ್ನುತ್ತಿತ್ತು. ಗುಟ್ಟು ಮುಚ್ಚಲೆಂದು ತಂದ ಬಾಗಿಲು, ನಾವು ಮಲಗಿದ್ದನ್ನೂ ಎದ್ದದ್ದನ್ನೂ ಬೀದಿಗೆಲ್ಲ ಡಂಗುರ ಸಾರಿತು. ಎದುರುಮನೆಯಾಕೆ ಒಂದು ದಿನ, ಇವತ್ತು ಏಳೋದು ತಡವಾಯ್ತಲ್ಲ ಎಂದಾಗ ನಾನು ಭೂಮಿಗಿಳಿದುಹೋದೆ.

ಮಾವನವರು ಗಾಲಿಗಳಿಗೆ ಧಾರಾಳವಾಗಿ ಎಣ್ಣೆ ಹಾಕಿಸಿದರು. ಯಾವ ಎಣ್ಣೆ ಎಂದು ಕೇಳಬೇಡಿ. ಕೊಬ್ಬರಿ ವ್ಯಾಪಾರಿಯ ಮನೆಯಲ್ಲಿ ತಲೆಗೂ ಅದೇ, ಬೀಗಕ್ಕೂ ಅದೇ, ಮಂಡಿ ನೋವಿಗೂ ಅದೇ. ಬಾಗಿಲು ಬೆಣ್ಣೆಯಂತೆ ಸರಿಯತೊಡಗಿತು. ನಾವು ಸುಖವಾಗಿದ್ದೆವು, ಚಳಿಗಾಲ ಬರುವವರೆಗೆ.

ಧನುರ್ಮಾಸದ ಒಂದು ಬೆಳಿಗ್ಗೆ ಬಾಗಿಲು ಮಿಸುಕಲಿಲ್ಲ. ಒಳಗಿನಿಂದ ನಾವಿಬ್ಬರೂ ತಳ್ಳಿದೆವು, ಹೊರಗಿನಿಂದ ಮಾವನವರು ಎಳೆದರು. ಅದೇ ಹೊತ್ತಿಗೆ ನನ್ನ ಅಪ್ಪ ಹಳೇಬೀಡಿನಿಂದ ಮೊದಲ ಬಸ್ಸಿಗೆ ಒಂದು ಚೀಲ ಸೊಗಡಿನ ಅವರೆಕಾಯಿ ಹೊತ್ತು ಬಂದಿಳಿದರು. ಮಗಳೆಲ್ಲಿ ಎಂದರೆ ಎಲ್ಲರೂ ಬಾಗಿಲು ತೋರಿಸಿದರು. ಅಪ್ಪ ಸಂದಿಗೆ ಬಾಯಿಟ್ಟು ಚೆನ್ನಾಗಿದ್ದೀಯಾ ಎಂದು ವಿಚಾರಿಸಿ, ಸುಮ್ಮನೆ ಕೂರುವುದೇಕೆಂದು ಬಾಗಿಲ ಮುಂದೆಯೇ ಅವರೆಕಾಯಿ ಸುಲಿಯಲು ಕೂತರು. ಬೀಗರ ಮುಂದೆ ಮಾನ ಹೋಯಿತೆಂದು ಮಾವನವರಿಗೆ ಸಿಟ್ಟು ಬಂತು. "ಇವತ್ತೇ ಬಿಚ್ಚಾಕ್ಸಿ ಗುಜರಿಗೆ ಕೊಡ್ತೀನಿ. ಪರದೇನೇ ಸಾಕು" ಎಂದರು.

ನನಗೆ ಸಿಕ್ಕಿಕೊಂಡದ್ದಕ್ಕಿಂತ ಮತ್ತೆ ಆ ಗಿಳಿಗಳ ಪಾಲಾಗುವ ಸಂಕಟ ದೊಡ್ಡದಾಗಿತ್ತು. ತಲೆಯನ್ನಾದರೂ ಬಾಚೋಣವೆಂದು ಎಣ್ಣೆ ಬಾಟಲಿ ಬಗ್ಗಿಸಿದರೆ ತೊಟ್ಟೂ ಬೀಳಲಿಲ್ಲ. ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ತಟ್ಟನೆ ಹೊಳೆಯಿತು. ಸಂದಿಯಿಂದ ಕೂಗಿ, ಗಾಲಿಯ ಎಣ್ಣೆಯೂ ಹೆಪ್ಪುಗಟ್ಟಿರಬೇಕು ಅತ್ತೆ ಎಂದೆ.

ಅತ್ತೆ ಹಂಡೆಯ ಬಿಸಿನೀರು ತಂದು, ಸ್ಟೂಲು ಹತ್ತಿ, ಬಟ್ಟೆ ಅದ್ದಿ ಅದ್ದಿ ಗಾಲಿಗೆ ಒತ್ತಿದರು. ಮಾವನವರೂ ಅಪ್ಪನೂ ಇನ್ನಷ್ಟು ಬಿಸಿನೀರಿಗೆಂದು ಬಚ್ಚಲ ಕಡೆ ಹೋಗಿದ್ದಾಗ ಸಂದಿಯ ಬಳಿ ಬಗ್ಗಿ ಮೆಲ್ಲಗೆ ಹೇಳಿದರು: "ಯಾರೇನಂದ್ರೂ ಬಾಗ್ಲು ತೆಗ್ಸಕ್ ಒಪ್ಕೋಬ್ಯಾಡ ಕಣಮ್ಮ. ನಂಗೆ ಪರದೇನೂ ಇರ್ಲಿಲ್ಲ. ಕೊಬ್ರಿ ಮೂಟೆ ಅಡ್ಡ ಮಾಡ್ಕಂಡು ಸೀರೆ ಉಡ್ತಿದ್ದೆ."

ಬಾಗಿಲು ಸರಿಯಿತು. ಅವರು ಸ್ಟೂಲಿನ ಮೇಲಿದ್ದರು, ನನ್ನ ಕೈಗೆ ಸಿಕ್ಕಿದ್ದು ಅವರ ಕಾಲು. ಅದನ್ನೇ ಹಿಡಿದುಕೊಂಡು ನಿಂತೆ. ಆ ದಿನದಿಂದ ಅವರು ನನಗೆ ಅತ್ತೆಗಿಂತ ಹೆಚ್ಚಾದರು. ಬಾಗಿಲು ಉಳಿಯಿತು, ಎಣ್ಣೆ ಬದಲಾಯಿತು. ಮುಂದೆ ಮನೆ ದೊಡ್ಡದು ಮಾಡಿಸಿದಾಗ ಅದು ಮತ್ತೆ ಹಿತ್ತಿಲು ಸೇರಿತು.

ಹಾಸನದಿಂದ ಬಂದವಳೇ ಅತ್ತೆಯ ಪಕ್ಕ ಕೂತು ಹೊಸ ಬಾಗಿಲನ್ನು ಬಣ್ಣಿಸಿದೆ. ವಾಕರಿಗೆ ತೊಡರುವ ಹೊಸಿಲಿಲ್ಲ, ಬೆರಳಲ್ಲಿ ತಳ್ಳಿದರೆ ಸಾಕು, ಚೂರೂ ಸದ್ದಾಗುವುದಿಲ್ಲ ಎಂದೆ. ಅವರು, "ಸದ್ದಿಲ್ದಿರದು ನಂಗ್ಯಾಕಮ್ಮ?" ಎಂದರು. "ಆ ಹಳೇದನ್ನೇ ಹಾಕ್ಸು. ನಾನ್ ಎದ್ದಿದ್ ನಿಂಗ್ ಗೊತ್ತಾಗ್ಲಿ."

ಹಿತ್ತಿಲಿನಿಂದ ತರಿಸಿ ಅದನ್ನೇ ಹಾಕಿಸಿದ್ದೇನೆ. ರಂಗೋಲಿಯ ಎಳೆ ನಾನೆಳೆಯುತ್ತೇನೆ, ವಾಕರ್ ಅಳಿಸುತ್ತದೆ. ಬೆಳಗಾಗುತ್ತಲೇ ಗಡಗಡ ಎನ್ನುತ್ತದೆ, ನಾನು ಎದ್ದು ಕಾಫಿಗೆ ನೀರಿಡುತ್ತೇನೆ. ಬಂದವರೆಲ್ಲ ಗಾಲಿಗೆ ಒಂದಿಷ್ಟು ಎಣ್ಣೆ ಬಿಡಬಾರದೇ ಎನ್ನುತ್ತಾರೆ. ಯಾರನ್ನೂ ಮುಟ್ಟಲು ಬಿಟ್ಟಿಲ್ಲ.