ಗ್ಯಾಂಬಿಯಾ ಹೊಲಿದ ನಾಲತವಾಡದ ರಾಜಬಿ

ನಾಲತವಾಡದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೌದಿ ಹೊಲಿಯುವ ರಾಜಬಿ ಅಂಗಳದಲ್ಲಿ ಕೂತು, ಹೊಲಿದು ಮುಗಿಸಿದ ಕೌದಿಯ ನಟ್ಟನಡುವೆ ಕತ್ತರಿ ಹಾಕುತ್ತಿದ್ದಾರೆ. ನೀರಿಗೆ ಹೊರಟ ನೆರೆಮನೆಯ ತಿಪ್ಪವ್ವ ಕೊಡ ಇಳಿಸಿ, ಬಾಯಿ ಮೇಲೆ ಕೈಯಿಟ್ಟು ನಿಂತುಬಿಟ್ಟಿದ್ದಾರೆ. ಈ ಓಣಿಯಲ್ಲಿ ಹೊದ್ದವರು ಸತ್ತಾಗಷ್ಟೇ ಅವರ ಕೌದಿಗೆ ಕತ್ತರಿ ಬೀಳುವುದು.

ಇದು ಯಾರೂ ಹೊದೆಯದ ಕೌದಿ. ಆಫ್ರಿಕಾದಲ್ಲಿ ಈ ವರ್ಷ, 1965ರಲ್ಲಿ, ಸ್ವತಂತ್ರವಾದ ಪುಟ್ಟ ದೇಶ ಗ್ಯಾಂಬಿಯಾದ ನಕಾಶೆ. ಹೊಸ ನಕಾಶೆ ಎಲ್ಲೂ ಸಿಗದೆ, ಸಾಲೆಯ ಶ್ರೀಶೈಲಪ್ಪ ಮಾಸ್ತರರು ಪತ್ರಿಕೆ ನೋಡಿ ಬಟ್ಟೆಯ ಮೇಲೆ ಗೆರೆ ಎಳೆದುಕೊಟ್ಟು, ಒಂದೊಂದು ವಿಭಾಗಕ್ಕೆ ಒಂದೊಂದು ಬಣ್ಣದ ತುಂಡು ಹಚ್ಚಲು ಹೇಳಿದ್ದರು. ಹಳೆಯ ಇಳಕಲ್ ಸೀರೆ, ಜಂಪರು, ಧೋತರದ ಚೂರುಗಳಲ್ಲಿ ದೇಶ ಎದ್ದಿತು.

ನಿನ್ನೆ ಸಂಜೆ ನೋಡಲು ಬಂದ ಮಾಸ್ತರರು ದಂಗಾದರು. ಆ ದೇಶವೆಂದರೆ ಒಂದು ನದಿ, ಅದರ ಎರಡು ದಡ. ವಿಭಾಗಗಳ ಹೆಸರೂ ಕೆಳನದಿ, ಮೇಲ್ನದಿ ಎಂದೇ. ರಾಜಬಿ ನದಿಯನ್ನೇ ಮುಚ್ಚಿ ದಡಕ್ಕೆ ದಡ ಕೂಡಿಸಿ ಹೊಲಿದಿದ್ದರು.

"ನಡಕ ಸಂದಿ ಬಿಟ್ರ ಥಂಡಿ ಹೊಗತೈತಲ್ರಿ."

"ಯವ್ವಾ, ಇದು ಹೊಚ್ಕೊಳ್ಳಾಕಲ್ಲ, ಗ್ವಾಡಿಗೆ ತೂಗಾಕ."

"ಹಂಗಂತ ಮೊದಲ ಹೇಳಬೇಕಿಲ್ರಿ ಮಾಸ್ತರ? ಗ್ವಾಡಿಗೆ ಥಂಡಿ ಹತ್ತೂದಿಲ್ಲಂತ ನನಗೂ ಗೊತ್ತೈತಿ."

ಇವತ್ತೇ ಅದನ್ನು ಸಾಲೆಯಲ್ಲಿ ತೂಗಬೇಕು. ಕತ್ತರಿಸಿದರೆ ಒಳಪದರ ಬಿಚ್ಚಿ ತಿಂಗಳ ದುಡಿಮೆ ಹಾಳಾದೀತು, ಮೇಲೊಂದು ನೀಲಿ ಗೆರೆ ಬಳಿದರಾಯಿತು ಎಂದರು ಮಾಸ್ತರರು. ಅಲ್ಲಿ ಜನ ಹೊಳೆ ಹೇಗೆ ದಾಟುತ್ತಾರೆಂದು ರಾಜಬಿ ಕೇಳಿದರು. ದೋಣಿಯಲ್ಲಿ ಎಂದರು ಮಾಸ್ತರರು.

ಅವರ ಮಗಳು ಮೆಹರಾಜಳನ್ನು ಕೊಟ್ಟದ್ದು ಕೃಷ್ಣೆಯ ಆಚೆ ದಡಕ್ಕೆ. ಹಿಂದೊಮ್ಮೆ ಹೊಳೆ ತುಂಬಿದ ತಿಂಗಳಲ್ಲಿ ಅವಳ ಹೆರಿಗೆ ಕಷ್ಟವಾಯಿತೆಂದು ಆಚೆಯವರು ದಂಡೆಯಲ್ಲಿ ನಿಂತು ಕೂಗಿದರು. ಹರಿಗೋಲು ಹಾಕಲು ಯಾರೂ ಒಪ್ಪಲಿಲ್ಲ. ನೀರಿಳಿದು ರಾಜಬಿ ದಾಟಿ ಹೋಗುವಷ್ಟರಲ್ಲಿ ಮಗಳನ್ನು ಮಣ್ಣು ಮಾಡಿಯಾಗಿತ್ತು.

"ಹೊಳಿ ಅಂದ್ರ ಏನಂತ ಗೊತ್ತಿದ್ದಾಕಿ ನಾ. ನನ್ನ ಕೈಲೇ ಅದನ್ನ ಮುಚ್ಚಿ ಹೊಲದೇನಿ ನೋಡ್ರಿ," ಎಂದು ತಿಪ್ಪವ್ವನಿಗೆ ಹೇಳುತ್ತಾರೆ ರಾಜಬಿ. ಕತ್ತರಿ ನಿಲ್ಲುವುದಿಲ್ಲ.

ಬಿಚ್ಚಿದ ಅಂಚುಗಳನ್ನು ಒಳಗೆ ಮಡಚಿ ಬಿಗಿದು, ನಡುವೆ ನೀಲಿ ಬಟ್ಟೆ ಕೂಡಿಸುತ್ತಾರೆ. ನೀಲಿ ಗೆರೆ ಬೆರಳಗಲವಿದ್ದರೆ ಸಾಕೆಂದಿದ್ದರು ಮಾಸ್ತರರು. ರಾಜಬಿ ಅಂಗೈ ಅಗಲ ಇಡುತ್ತಾರೆ. ಹೊತ್ತೇರಿದಾಗ ಕೌದಿ ಒಯ್ಯಲು ಬಂದ ಮಾಸ್ತರರು ಅದನ್ನು ನೋಡಿ, ಹಾಗೇ ಮಡಚಿ ಹೆಗಲಿಗೇರಿಸುತ್ತಾರೆ. ರಾಜಬಿ ಕೇಳುವುದು ಇಷ್ಟೇ:

"ಭಾಳ ಮ್ಯಾಲ ತೂಗಬ್ಯಾಡ್ರಿ. ಹುಡುಗ್ಯಾರ ಕೈಗೆ ನಿಲುಕಲಿ. ಹೊಳಿ ಎಷ್ಟು ಅಗಲ ಇರತೈತಿ ಅಂತ ಮುಟ್ಟಿ ನೋಡ್ಲಿ."